ಕರೆಂಟ್ ಇಲ್ಲದ ಬಯಲಿನಲ್ಲಿ ಹಾಡಿಕೆ: ಬ್ಯಾಟರಿಯ ಲೆಕ್ಕ ಮತ್ತು ಜೋಡಣೆ

ತತ್ವಪದ ಹಾಡುವವರು, ಬೀದಿನಾಟಕದ ತಂಡದವರು, ಭಜನಾ ಮಂಡಳಿಯವರು ಹೋಗುವ ಜಾಗಗಳಲ್ಲಿ ಪ್ಲಗ್ ಪಾಯಿಂಟ್ ಸಿಗುವುದು ಅಪರೂಪ. ಕೆರೆ ಏರಿಯ ಗುಡಿ, ಊರಾಚೆಯ ಮಾವಿನ ತೋಪು, ಒಕ್ಕಣೆ ಮುಗಿದ ಕಣ, ಬೆಟ್ಟದ ಮೇಲಿನ ಮಂಟಪ, ಇವೆಲ್ಲ ಹಾಡಿಗೆ ಹೇಳಿ ಮಾಡಿಸಿದ ಜಾಗಗಳಾದರೂ ಅಲ್ಲಿ ಕರೆಂಟು ಇರುವುದಿಲ್ಲ. ಪಂಪ್‌ಸೆಟ್ಟಿನ ಲೈನು ಪಕ್ಕದಲ್ಲೇ ಹಾದುಹೋಗಿದ್ದರೂ ಅದರಲ್ಲಿ ಕರೆಂಟು ಬರುವುದು ಪಾಳಿಯ ಪ್ರಕಾರ. ಕಂಬದ ತಂತಿಗೆ ಕೊಂಡಿ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ನಿನಡಿ ಕಳವು. ಅದಕ್ಕಿಂತ ಮುಖ್ಯವಾಗಿ, ಅದು ಜೀವಕ್ಕೆ ಅಪಾಯ ತರುವ ಕೆಲಸ. ಆದ್ದರಿಂದ ಐದಾರು ಜನರ ಒಂದು ಸಣ್ಣ ತಂಡ ತನ್ನ ವಿದ್ಯುತ್ತನ್ನು ತಾನೇ ಹೊತ್ತುಕೊಂಡು ಹೋಗಿ, ಸುಮಾರು ಇನ್ನೂರು ಜನರಿಗೆ ಮೂರು ಗಂಟೆ ಕಾಲ ಕೇಳುವಂತೆ ಹಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಮೂರು ಮೈಕು, ಒಂದು ಕೀಬೋರ್ಡ್, ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಸಣ್ಣ ಮಿಕ್ಸರ್, ಎರಡು ಸ್ಪೀಕರ್: ಇಷ್ಟು ಸಾಮಾನು ಇದೆ ಎಂದು ಭಾವಿಸಿಕೊಳ್ಳೋಣ.

ಈ ವಿಷಯ ಬಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂಬುದು. ನಾನು ಹೇಳುವುದು, ಅದಕ್ಕೂ ಮೊದಲು ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮುಗಿಸಬಹುದು ಎಂದು ನೋಡಬೇಕು. ಬೇಡಿಕೆಯನ್ನು ಅರ್ಧಕ್ಕೆ ಇಳಿಸಿದರೆ ಬ್ಯಾಟರಿಯ ಬೆಲೆಯೂ ಅರ್ಧವಾಗುತ್ತದೆ, ಅದನ್ನು ಬೆಟ್ಟ ಹತ್ತಿಸುವವರ ಬೆನ್ನಿನ ಭಾರವೂ ಅರ್ಧವಾಗುತ್ತದೆ.

ಧ್ವನಿಯ ಬೇಡಿಕೆಯನ್ನು ಮೊದಲು ತಗ್ಗಿಸುವುದು

ಬಯಲಿನಲ್ಲಿ ಗೋಡೆಗಳಿಲ್ಲ, ಹಾಗಾಗಿ ಸ್ಪೀಕರಿನಿಂದ ಹೊರಟ ಧ್ವನಿ ಮರಳಿ ಬರುವುದಿಲ್ಲ. ಸ್ಪೀಕರಿನಿಂದ ಕೇಳುಗರಿಗಿರುವ ದೂರ ಎರಡರಷ್ಟಾದಾಗ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಮತ್ತು ಆ 6 ಡೆಸಿಬೆಲ್ಲನ್ನು ತುಂಬಿಕೊಡಲು ನಾಲ್ಕು ಪಟ್ಟು ವ್ಯಾಟ್ ಬೇಕಾಗುತ್ತದೆ. ಅಂದರೆ 20 ಮೀಟರ್ ದೂರದಲ್ಲಿ ಚದುರಿ ಕುಳಿತ ಜನರನ್ನು 10 ಮೀಟರಿನೊಳಗೆ ಅರ್ಧಚಂದ್ರಾಕಾರವಾಗಿ ಕೂರಿಸಿದರೆ, ಅದೇ ಕೇಳ್ಮೆಗೆ ಕಾಲು ಭಾಗ ವಿದ್ಯುತ್ ಸಾಕು. ಇಷ್ಟು ದೊಡ್ಡ ಉಳಿತಾಯವನ್ನು ಯಾವ ದುಬಾರಿ ಬ್ಯಾಟರಿಯೂ ಕೊಡಲಾರದು. ಜಮಖಾನೆ ಹಾಸುವಾಗಲೇ ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಒಮ್ಮೆ ಕುಳಿತ ಜನರನ್ನು ಮುಂದಕ್ಕೆ ಕರೆಯುವುದು ಕಷ್ಟ. ಗಾಳಿ ಹಾಡುವವರ ಬೆನ್ನ ಕಡೆಯಿಂದ ಕೇಳುಗರ ಕಡೆಗೆ ಬೀಸುವಂತೆ ದಿಕ್ಕು ಆರಿಸಿಕೊಳ್ಳಿ, ಸ್ಪೀಕರನ್ನು ಕುಳಿತವರ ತಲೆಗಿಂತ ಮೇಲಕ್ಕೆ ಸ್ಟ್ಯಾಂಡಿನ ಮೇಲಿಡಿ. ನೆಲದ ಮೇಲಿಟ್ಟ ಸ್ಪೀಕರಿನ ಸದ್ದನ್ನು ಮುಂದಿನ ಸಾಲಿನವರ ಮೈಯೇ ತಡೆಯುತ್ತದೆ.

ಸ್ಪೀಕರನ್ನು ಆರಿಸುವಾಗ ಅದರ ಮೇಲೆ ಬರೆದ ವ್ಯಾಟಿಗಿಂತ ಅದರ ಸೆನ್ಸಿಟಿವಿಟಿಯನ್ನು, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೊಡುತ್ತದೆ ಎಂಬ ಅಂಕಿಯನ್ನು ನೋಡುವುದು ಒಳ್ಳೆಯದು. 88 ಡೆಸಿಬೆಲ್ಲಿನ ಸ್ಪೀಕರಿಗೆ 100 ವ್ಯಾಟ್ ಕೊಟ್ಟಾಗ ಬರುವ ಸದ್ದು, 98 ಡೆಸಿಬೆಲ್ಲಿನ ಸ್ಪೀಕರಿಗೆ 10 ವ್ಯಾಟ್ ಕೊಟ್ಟಾಗಲೇ ಬರುತ್ತದೆ. ಚುನಾವಣೆಯ ಪ್ರಚಾರದ ಆಟೊರಿಕ್ಷಾ ಒಂದೇ ಬ್ಯಾಟರಿಯಲ್ಲಿ ದಿನವಿಡೀ ಊರು ಸುತ್ತಲು ಸಾಧ್ಯವಾಗುವುದು ಈ ಕಾರಣದಿಂದಲೇ. ಅದರ ತಲೆಯ ಮೇಲಿರುವ ಹಾರ್ನ್ ಸ್ಪೀಕರಿನ ಸೆನ್ಸಿಟಿವಿಟಿ ಸಾಮಾನ್ಯ ಪೆಟ್ಟಿಗೆ ಸ್ಪೀಕರಿಗಿಂತ ಬಹಳ ಹೆಚ್ಚು. ಆದರೆ ಹಾರ್ನಿನಲ್ಲಿ ತಗ್ಗಿನ ಸ್ವರಗಳು ಬರುವುದಿಲ್ಲ. ಬೀದಿನಾಟಕದ ಮಾತಿಗೆ, ಪ್ರಕಟಣೆಗೆ, ಕೀರ್ತನೆಯ ನಿರೂಪಣೆಗೆ ಅದು ಸಾಕು; ಏಕತಾರಿಯ ನಾದಕ್ಕೂ ಹಾಡಿನ ಮಾಧುರ್ಯಕ್ಕೂ ಅದು ಅನ್ಯಾಯ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಉಳಿತಾಯ ಮಿಕ್ಸರಿನಲ್ಲೇ ಇದೆ. ಆಂಪ್ಲಿಫೈಯರ್ ತಿನ್ನುವ ವಿದ್ಯುತ್ತಿನ ದೊಡ್ಡ ಪಾಲು ತಗ್ಗಿನ ಸ್ವರಗಳಿಗೆ, ಅಂದರೆ ಬೇಸ್ ಸದ್ದಿಗೆ ಹೋಗುತ್ತದೆ. ಹಾಡುವವರ ಮೈಕಿನ ಚಾನೆಲ್ಲಿನಲ್ಲಿ ಲೋ ಕಟ್ ಗುಂಡಿಯನ್ನು ಒತ್ತಿದರೆ 100 ಹರ್ಟ್ಸ್ ಆಸುಪಾಸಿನ ಕೆಳಗಿನ ಸದ್ದೆಲ್ಲ ಕತ್ತರಿಸಿಹೋಗುತ್ತದೆ. ಮನುಷ್ಯನ ದನಿಗೆ ಅದರಿಂದ ನಷ್ಟವಿಲ್ಲ. ಮೈಕಿಗೆ ಗಾಳಿ ಬಡಿಯುವ ಗುಡುಗುಡು ಸದ್ದಿಗಾಗಿ ಬ್ಯಾಟರಿ ಖರ್ಚಾಗುವುದು ಮಾತ್ರ ನಿಲ್ಲುತ್ತದೆ. ಮೈಕಿಗೆ ಸ್ಪಂಜಿನ ಟೋಪಿಯನ್ನೂ ತಪ್ಪದೆ ಹಾಕಿ. ಡೊಳ್ಳು, ತಮಟೆ, ತಾಳಗಳಿಗೆ ಇನ್ನೂರು ಜನರ ನಡುವೆ ಮೈಕು ಬೇಕಾಗುವುದೇ ಇಲ್ಲ.

ಲೆಕ್ಕ

ಸ್ಪೀಕರಿನ ಪೆಟ್ಟಿಗೆಯ ಮೇಲೆ 1000 ವ್ಯಾಟ್ ಎಂದು ಬರೆದಿದ್ದರೆ ಹೆದರಬೇಕಾಗಿಲ್ಲ. ಅದು ಕ್ಷಣಮಾತ್ರ ಬರಬಹುದಾದ ಶಿಖರದ ಅಂಕಿ. ಹಾಡಿನಲ್ಲಿ ಉಸಿರಿದೆ, ಬಿಡುವಿದೆ, ಏರಿಳಿತವಿದೆ. ಸರಾಸರಿ ಬಳಕೆ ಆ ಶಿಖರಕ್ಕಿಂತ ಎಷ್ಟೋ ಕೆಳಗಿರುತ್ತದೆ. ಸರಿಯಾದ ಅಂಕಿ ತಿಳಿಯಲು ಒಂದೇ ದಾರಿ, ಅಳೆಯುವುದು. ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರನ್ನು ಕೊಂಡು, ಮನೆಯಲ್ಲೇ ತಂಡವನ್ನು ಕೂರಿಸಿ, ಕಾರ್ಯಕ್ರಮದಷ್ಟೇ ಏರುದನಿಯಲ್ಲಿ ಅರ್ಧ ಗಂಟೆ ಹಾಡಿಸಿ, ಮೀಟರ್ ತೋರಿಸುವ ಒಟ್ಟು ಬಳಕೆಯನ್ನು ಎರಡರಿಂದ ಗುಣಿಸಿದರೆ ಗಂಟೆಯ ಲೆಕ್ಕ ಸಿಗುತ್ತದೆ.

ನಾನು ಹೀಗೆ ಅಳೆದಾಗ, ಕ್ಲಾಸ್ ಡಿ ಎಂಬ, ಕಡಿಮೆ ವಿದ್ಯುತ್ ತಿನ್ನುವ ಬಗೆಯ ಆಂಪ್ಲಿಫೈಯರ್ ಒಳಗೊಂಡ ಎರಡು ಸ್ಪೀಕರುಗಳು ತಲಾ 35 ವ್ಯಾಟಿನಷ್ಟು, ಮಿಕ್ಸರ್ 15, ಕೀಬೋರ್ಡ್ 10, ಶ್ರುತಿಪೆಟ್ಟಿಗೆ 3, ಕಾರ್ಡ್‌ಲೆಸ್ ಮೈಕಿನ ರಿಸೀವರ್ 5 ವ್ಯಾಟ್ ತೆಗೆದುಕೊಂಡವು. ಒಟ್ಟು 103 ವ್ಯಾಟ್. ಇದೆಲ್ಲವನ್ನೂ ಇನ್ವರ್ಟರ್ ಮೂಲಕ ಕೊಡುವುದಾದರೆ, ಇನ್ವರ್ಟರ್ ತಾನೇ ಶೇ. 15ರಷ್ಟು ತಿನ್ನುವುದರಿಂದ, ಬ್ಯಾಟರಿಯಿಂದ ಸುಮಾರು 121 ವ್ಯಾಟ್ ಹೊರಡಬೇಕು. ಮೂರು ಗಂಟೆಯ ಕಾರ್ಯಕ್ರಮಕ್ಕೆ ಮೈಕ್ ಪರೀಕ್ಷೆಯ ಅರ್ಧ ಗಂಟೆಯನ್ನು ಸೇರಿಸಿದರೆ ಮೂರೂವರೆ ಗಂಟೆಗೆ ಸುಮಾರು 425 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಅಂಕಿ) ಆಗುತ್ತದೆ.

ಬ್ಯಾಟರಿಯ ಮೇಲಿನ ವೋಲ್ಟ್ ಮತ್ತು ಆಂಪಿಯರ್-ಅವರ್ ಅಂಕಿಗಳನ್ನು ಗುಣಿಸಿದರೆ ಅದರ ವ್ಯಾಟ್-ಅವರ್ ಸಿಗುತ್ತದೆ. 12 ವೋಲ್ಟ್, 100 ಆಂಪಿಯರ್-ಅವರ್ ಎಂದರೆ 1200 ವ್ಯಾಟ್-ಅವರ್. ಆದರೆ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಅರ್ಧವನ್ನು ಮಾತ್ರ ಬಳಸುವುದು ಕ್ಷೇಮ; ಪದೇ ಪದೇ ತಳದವರೆಗೆ ಖಾಲಿ ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಅದರ ಮೇಲೆ ಸಿ20 ಎಂದು ಬರೆದಿದ್ದರೆ, 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಮಾತ್ರ ಅಷ್ಟು ಸಿಗುತ್ತದೆ ಎಂದು ಅರ್ಥ. ಬೇಗ ಎಳೆದಷ್ಟೂ ಕಡಿಮೆ ಸಿಗುತ್ತದೆ. ಆದ್ದರಿಂದ ನಮ್ಮ 425 ವ್ಯಾಟ್-ಅವರಿಗೆ 12 ವೋಲ್ಟ್ 100 ಆಂಪಿಯರ್-ಅವರಿನ ಲೆಡ್ ಆ್ಯಸಿಡ್ ಬ್ಯಾಟರಿ ನೆಮ್ಮದಿಯ ಆಯ್ಕೆ. ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರು ಎಲ್‌ಎಫ್‌ಪಿ ಎಂದು ಕರೆಯುವ ಬ್ಯಾಟರಿಯಾದರೆ ಶೇ. 80ರಷ್ಟನ್ನು ಧೈರ್ಯವಾಗಿ ಬಳಸಬಹುದು, ಅದರಲ್ಲಿ 12.8 ವೋಲ್ಟ್ 50 ಆಂಪಿಯರ್-ಅವರ್, ಅಂದರೆ 640 ವ್ಯಾಟ್-ಅವರ್ ಸಾಕು.

ಯಾವ ಬ್ಯಾಟರಿ

ಮನೆಯ ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿಯನ್ನೇ ಹೊತ್ತೊಯ್ಯುವ ಯೋಚನೆ ಹಲವರಿಗೆ ಬರುತ್ತದೆ. ಅದರ ತೂಕ 50 ಕಿಲೋ ಮೀರುತ್ತದೆ, ವಾಲಿದರೆ ಆ್ಯಸಿಡ್ ಚೆಲ್ಲುತ್ತದೆ. ಟ್ರ್ಯಾಕ್ಟರ್ ಹೋಗುವ ಕಣಕ್ಕಾದರೆ ಸರಿ, ಮೆಟ್ಟಿಲು ಹತ್ತಬೇಕಾದ ಜಾಗಕ್ಕೆ ಸಲ್ಲದು. ಕಾರಿನ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡಲು ಕೆಲವು ಸೆಕೆಂಡು ಭಾರೀ ಕರೆಂಟ್ ಕೊಡುವುದಕ್ಕಾಗಿ ಮಾಡಿದ್ದು. ಗಂಟೆಗಟ್ಟಲೆ ಎಳೆದರೆ ಅದು ಕೆಡುತ್ತದೆ, ರಾತ್ರಿ ಊರಿಗೆ ಮರಳಲು ಕಾರೂ ಸ್ಟಾರ್ಟ್ ಆಗದೆ ಉಳಿಯಬಹುದು. ಎಲ್‌ಎಫ್‌ಪಿಗೆ ಮೊದಲ ಖರ್ಚು ಹೆಚ್ಚು. ಆದರೆ 50 ಆಂಪಿಯರ್-ಅವರಿನದನ್ನು ಒಬ್ಬರೇ ಒಂದು ಕೈಯಲ್ಲಿ ಹಿಡಿದು ನಡೆಯಬಹುದು, ಸಾವಿರಾರು ಬಾರಿ ಚಾರ್ಜ್ ಮಾಡಬಹುದು. ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಕಾರ್ಯಕ್ರಮ ಕೊಡುವ ತಂಡಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಅದರೊಳಗೆ ಬಿಎಂಎಸ್ ಎಂಬ ರಕ್ಷಣಾ ಸರ್ಕ್ಯೂಟ್ ಇದೆಯೇ, ಅದು ನಿರಂತರವಾಗಿ ಎಷ್ಟು ಆಂಪಿಯರ್ ಬಿಟ್ಟುಕೊಡುತ್ತದೆ ಎಂದು ಕೇಳಿಯೇ ಕೊಳ್ಳಬೇಕು.

ಉಳಿದಿರುವ ಚಾರ್ಜ್ ತಿಳಿಯುವ ಬಗೆ ಎರಡರಲ್ಲೂ ಬೇರೆ. ಲೆಡ್ ಆ್ಯಸಿಡ್ ಬ್ಯಾಟರಿ ತುಂಬಿ, ಕೆಲವು ಗಂಟೆ ವಿಶ್ರಾಂತಿ ಪಡೆದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧವಾದಾಗ 12.2ರ ಹತ್ತಿರ. ಹಾಡು ನಡೆಯುತ್ತಿರುವಾಗ ಮೀಟರ್ ಇದಕ್ಕಿಂತ ತುಸು ಕಡಿಮೆಯನ್ನೇ ತೋರಿಸುತ್ತದೆ, 11.8ಕ್ಕೆ ಇಳಿದರೆ ಕೊನೆಯ ಹಾಡಿಗೆ ಸಿದ್ಧವಾಗಬೇಕು. ಇನ್ವರ್ಟರ್ ತಾನಾಗಿಯೇ ನಿಲ್ಲುವುದು ಸಾಮಾನ್ಯವಾಗಿ 10.5 ವೋಲ್ಟಿನ ಆಸುಪಾಸಿನಲ್ಲಿ, ಅಷ್ಟರಲ್ಲಿ ಬ್ಯಾಟರಿಗೆ ಆಗಬೇಕಾದ ಹಾನಿ ಆಗಿರುತ್ತದೆ. ಎಲ್‌ಎಫ್‌ಪಿಯ ವೋಲ್ಟೇಜ್ ಬಹುಪಾಲು ಹೊತ್ತು 13ರ ಹತ್ತಿರವೇ ನಿಂತಿದ್ದು ಕೊನೆಯಲ್ಲಿ ಒಮ್ಮೆಗೇ ಕುಸಿಯುವುದರಿಂದ, ಅದಕ್ಕೆ ವೋಲ್ಟ್ ಮೀಟರ್ ನಂಬಿ ಕೂರುವಂತಿಲ್ಲ. ಹೋದ ಕರೆಂಟನ್ನು ಎಣಿಸುವ ಶಂಟ್ ಮೀಟರನ್ನು ಅಳವಡಿಸಬೇಕು, ಇಲ್ಲವೇ ಬಿಎಂಎಸ್ ಜೊತೆ ಬರುವ ಮೊಬೈಲ್ ಆ್ಯಪ್ ನೋಡಬೇಕು.

ಇನ್ವರ್ಟರ್ ತಪ್ಪಿಸಬಹುದಾದಲ್ಲಿ ತಪ್ಪಿಸುವುದು

ಕೀಬೋರ್ಡಿನ ಅಡಾಪ್ಟರನ್ನು ಗಮನಿಸಿ. 230 ವೋಲ್ಟಿನ ಎಸಿಯನ್ನು, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಮನೆಯ ಕರೆಂಟನ್ನು, ಅದು 9 ಅಥವಾ 12 ವೋಲ್ಟ್ ಡಿಸಿಗೆ, ಅಂದರೆ ಬ್ಯಾಟರಿಯದರಂತೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿಗೆ ಇಳಿಸುತ್ತದೆ. ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರಿನಲ್ಲಿ 230ಕ್ಕೆ ಏರಿಸಿ, ಮತ್ತೆ ಅಡಾಪ್ಟರಿನಲ್ಲಿ 12ಕ್ಕೆ ಇಳಿಸುವುದೆಂದರೆ ಎರಡು ಕಡೆ ಸುಂಕ ಕಟ್ಟಿದಂತೆ. ಬದಲಿಗೆ, ಬ್ಯಾಟರಿಯ ಡಿಸಿಯನ್ನು ಉಪಕರಣಕ್ಕೆ ಬೇಕಾದಷ್ಟೇ ವೋಲ್ಟಿನ ಸ್ಥಿರ ಡಿಸಿಯಾಗಿಸುವ ಒಂದು ಡಿಸಿ-ಡಿಸಿ ಕನ್ವರ್ಟರ್ ಮೂಲಕ ನೇರವಾಗಿ ಕೊಡಬಹುದು. ಕನ್ವರ್ಟರ್ ಇಲ್ಲದೆ ಬ್ಯಾಟರಿಯ ತಂತಿಯನ್ನೇ ಕೀಬೋರ್ಡಿಗೆ ಕೊಡುವುದು ಬೇಡ. 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುತ್ತಿರುವಾಗ 14.4 ವೋಲ್ಟಿನವರೆಗೆ ಏರುತ್ತದೆ, ಖಾಲಿಯಾಗುವಾಗ 12ಕ್ಕಿಂತ ಕೆಳಗಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದಕ್ಕೆ ನಾನು ಬೆಲೆ ತೆತ್ತಿದ್ದೇನೆ. ಡಿಸಿ ಪಿನ್ನಿನ ನಡುವಿನ ತೂತು ಕೆಲವು ಉಪಕರಣಗಳಲ್ಲಿ ಧನ, ಕೆಲವುಗಳಲ್ಲಿ ಋಣ. ಯಮಹಾ ಕೀಬೋರ್ಡುಗಳಲ್ಲಿ ನಡುವಿನದು ಧನ. ಹಳೆಯ ಕ್ಯಾಸಿಯೊಗಳಲ್ಲಿ ಮತ್ತು ಗಿಟಾರಿನ 9 ವೋಲ್ಟ್ ಪೆಡಲುಗಳಲ್ಲಿ ಸಾಮಾನ್ಯವಾಗಿ ಋಣ. ಹಲವು ವರ್ಷಗಳ ಹಿಂದೆ ಒಂದು ಜಾತ್ರೆಯ ಸಂಜೆ, ವಿದ್ಯಾರ್ಥಿಯೊಬ್ಬ ಪ್ರೀತಿಯಿಂದ ಎರವಲು ಕೊಟ್ಟಿದ್ದ ಕೀಬೋರ್ಡಿಗೆ ನಾನೇ ಮಾಡಿಕೊಂಡಿದ್ದ ಕೇಬಲ್ಲನ್ನು ಗುರುತು ನೋಡದೆ ಸಿಕ್ಕಿಸಿದೆ. ಸಣ್ಣ ಸುಟ್ಟ ವಾಸನೆ ಬಂತು, ಅಷ್ಟೆ. ಆ ಕೀಬೋರ್ಡ್ ಮತ್ತೆ ದನಿ ಎತ್ತಲಿಲ್ಲ. ಆ ಹುಡುಗನ ಮುಖ ಇಂದಿಗೂ ನೆನಪಿದೆ. ಉಪಕರಣದ ಹಿಂಭಾಗದಲ್ಲಿ ವೃತ್ತ, ಚುಕ್ಕೆ, ಧನ-ಋಣ ಚಿಹ್ನೆಗಳ ಸಣ್ಣ ಚಿತ್ರವಿರುತ್ತದೆ. ಅದನ್ನು ನೋಡಿ, ಮಲ್ಟಿಮೀಟರಿನಲ್ಲಿ ಕೇಬಲ್ಲಿನ ತುದಿಯನ್ನು ಪರೀಕ್ಷಿಸಿ, ಆಮೇಲೆ ಸಿಕ್ಕಿಸಿ. ಪ್ರತಿ ಕೇಬಲ್ಲಿಗೂ ಉಪಕರಣದ ಹೆಸರು ಬರೆದ ಚೀಟಿ ಅಂಟಿಸಿ.

ಯುಎಸ್‌ಬಿ-ಸಿ ಪವರ್ ಡೆಲಿವರಿ ಇರುವ ಪವರ್ ಬ್ಯಾಂಕ್ ಇದ್ದರೆ, ಟ್ರಿಗರ್ ಕೇಬಲ್ ಎಂದು ಸಿಗುವ ತಂತಿಯ ಮೂಲಕ ಅದರಿಂದ 9 ವೋಲ್ಟ್ ಅಥವಾ 15 ವೋಲ್ಟ್ ಪಡೆಯಬಹುದು. 12 ವೋಲ್ಟ್ ಎಲ್ಲ ಪವರ್ ಬ್ಯಾಂಕುಗಳಲ್ಲೂ ಇರುವುದಿಲ್ಲ, ಬರಹ ಓದಿ ಕೊಳ್ಳಬೇಕು. 20,000 ಮಿಲಿಆಂಪಿಯರ್-ಅವರ್ ಎಂಬ ಅಂಕಿ ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 74 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದರೆ 60ರ ಹತ್ತಿರ ಕೈಗೆ ಸಿಗುತ್ತದೆ. 10 ವ್ಯಾಟಿನ ಕೀಬೋರ್ಡಿಗೆ ಇದು ಐದಾರು ಗಂಟೆ ಬರುತ್ತದೆ. ಶ್ರುತಿಪೆಟ್ಟಿಗೆಗೆ ಮಾತ್ರ ಪವರ್ ಬ್ಯಾಂಕ್ ಹೊಂದುವುದಿಲ್ಲ. ಬಳಕೆ ತೀರ ಕಡಿಮೆಯಾದಾಗ, ಯಾರೂ ಬಳಸುತ್ತಿಲ್ಲವೆಂದು ಭಾವಿಸಿ ಹಲವು ಪವರ್ ಬ್ಯಾಂಕುಗಳು ತಾವಾಗಿ ನಿಂತುಬಿಡುತ್ತವೆ. ಆಲಾಪದ ನಡುವೆ ಶ್ರುತಿ ಕಡಿದುಹೋಗುವುದಕ್ಕಿಂತ ಬೇರೆ ಆಘಾತ ಗಾಯಕರಿಗಿಲ್ಲ. ಬ್ಯಾಟರಿ ಹಾಕಲು ಜಾಗವಿರುವ ಶ್ರುತಿಪೆಟ್ಟಿಗೆಯನ್ನೇ ಆರಿಸಿಕೊಂಡು, ಹೊಸ ಸೆಲ್ಲುಗಳನ್ನು ಹಾಕಿಕೊಂಡು ಹೋಗುವುದು ಸರಳ.

ಮಿಕ್ಸರಿನ ವಿಷಯ ತುಸು ತೊಡಕಿನದು. ಅಡಾಪ್ಟರಿನ ಮೇಲೆ ಔಟ್‌ಪುಟ್ ಎಂದಿರುವಲ್ಲಿ ಅಲೆಯಂತಹ ಗುರುತಿದ್ದರೆ ಅದು ಎಸಿ ಕೊಡುವ ಅಡಾಪ್ಟರ್ ಎಂದು ಅರ್ಥ. ಅಂತಹ ಮಿಕ್ಸರಿಗೆ ಬ್ಯಾಟರಿಯಿಂದ ನೇರ ಡಿಸಿ ಕೊಡಲಾಗದು, ಇನ್ವರ್ಟರೇ ಬೇಕು. ಹೊಸದಾಗಿ ಕೊಳ್ಳುವವರು 5 ಅಥವಾ 12 ವೋಲ್ಟ್ ಡಿಸಿಯಲ್ಲಿ ನಡೆಯುವ ಮಿಕ್ಸರನ್ನು ಹುಡುಕಿದರೆ ಮುಂದೆ ಸುಖ. ಮೈಕುಗಳಲ್ಲಿ ಡೈನಾಮಿಕ್ ಮೈಕಿಗೆ ವಿದ್ಯುತ್ತೇ ಬೇಡ. ಕಂಡೆನ್ಸರ್ ಮೈಕಿಗೆ ಮಾತ್ರ ಮಿಕ್ಸರಿನಿಂದ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಬಯಲಿಗೆ ತಂತಿಯ ಡೈನಾಮಿಕ್ ಮೈಕೇ ವಾಸಿ.

ಊರಿನ ಶಾಮಿಯಾನದ ಅಂಗಡಿಗಳಲ್ಲಿ ಸಿಗುವ ಅಹುಜಾ ಮಾದರಿಯ ಆಂಪ್ಲಿಫೈಯರುಗಳಲ್ಲಿ ಎಷ್ಟೋ ಬಾರಿ ಹಿಂಭಾಗದಲ್ಲಿ ಬ್ಯಾಟರಿಗೆಂದೇ 12 ವೋಲ್ಟಿನ ಟರ್ಮಿನಲ್ಲುಗಳಿರುತ್ತವೆ. ದೊಡ್ಡ ಮಾದರಿಗಳಲ್ಲಿ 24 ವೋಲ್ಟ್ ಇರಬಹುದು. ಹಾಗಿದ್ದರೆ ಒಂದೇ ಬಗೆಯ, ಒಂದೇ ವಯಸ್ಸಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ, ಅಂದರೆ ಒಂದರ ಧನ ತುದಿಯನ್ನು ಇನ್ನೊಂದರ ಋಣ ತುದಿಗೆ ಸೇರಿಸಿ ಜೋಡಿಸಬೇಕು. ಮೈಕು, ಆಂಪ್ಲಿಫೈಯರ್, ಬ್ಯಾಟರಿ ಈ ಮೂರರಲ್ಲೇ ಕೆಲಸ ಮುಗಿಯುವ ಈ ವ್ಯವಸ್ಥೆಯಷ್ಟು ಭರವಸೆಯದು ಇನ್ನೊಂದಿಲ್ಲ.

ಇನ್ವರ್ಟರ್ ಅನಿವಾರ್ಯವಾದಾಗ

ಎಸಿ ಮಾತ್ರ ತೆಗೆದುಕೊಳ್ಳುವ ಸ್ಪೀಕರುಗಳಿದ್ದರೆ ಇನ್ವರ್ಟರ್ ಬೇಕೇ ಬೇಕು. ಆಗ ಮನೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ. ಅಗ್ಗದ ಸ್ಕ್ವೇರ್ ವೇವ್ ಅಥವಾ ಮಾಡಿಫೈಡ್ ಸೈನ್ ವೇವ್ ಇನ್ವರ್ಟರುಗಳ ಅಲೆಯಲ್ಲಿರುವ ಚೂಪಾದ ಅಂಚುಗಳು ಸ್ಪೀಕರಿನಲ್ಲಿ ಝೇಂಕಾರವಾಗಿ ಕೇಳಿಸುತ್ತವೆ, ಟ್ರಾನ್ಸ್‌ಫಾರ್ಮರ್ ಇರುವ ಉಪಕರಣಗಳು ಅದರಿಂದ ಬಿಸಿಯಾಗುತ್ತವೆ. 103 ವ್ಯಾಟಿನ ಸರಾಸರಿಗೆ 300 ವ್ಯಾಟಿನ ಇನ್ವರ್ಟರ್ ಹಿಡಿಸುತ್ತದೆ. ಹಾಡಿನ ಏರುಗಳಿಗೂ ಸ್ಪೀಕರ್ ಆನ್ ಮಾಡುವ ಕ್ಷಣದ ಎಳೆತಕ್ಕೂ ಜಾಗ ಉಳಿಯುತ್ತದೆ. ಇದಕ್ಕೆ 1500 ವ್ಯಾಟಿನದನ್ನು ತಂದರೆ ಲಾಭವಿಲ್ಲ, ಏಕೆಂದರೆ ದೊಡ್ಡ ಇನ್ವರ್ಟರ್ ಏನೂ ಕೆಲಸ ಮಾಡದಿದ್ದಾಗಲೂ ಹೆಚ್ಚು ವಿದ್ಯುತ್ ತಿನ್ನುತ್ತದೆ. ಸ್ಪೀಕರುಗಳನ್ನು ಒಂದಾದ ಮೇಲೊಂದು ಆನ್ ಮಾಡಿ. ಇನ್ವರ್ಟರಿನಿಂದ ಹೊರಬರುವುದು 230 ವೋಲ್ಟೇ ಆದ್ದರಿಂದ ಒದ್ದೆ ನೆಲ, ಸವೆದ ವೈರು, ಸಡಿಲ ಪ್ಲಗ್ಗುಗಳ ಅಪಾಯ ಮನೆಯಲ್ಲಿರುವಷ್ಟೇ ಇಲ್ಲಿಯೂ ಇದೆ.

ತಂತಿಯ ದಪ್ಪವನ್ನು ಬಹಳ ಜನ ಕಡೆಗಣಿಸುತ್ತಾರೆ. 300 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಒಂದೂಕಾಲು ಆಂಪಿಯರ್ ಆಸುಪಾಸು, ಆದರೆ 12 ವೋಲ್ಟಿನಲ್ಲಿ 25 ಆಂಪಿಯರ್. ಬ್ಯಾಟರಿಯಿಂದ ಇನ್ವರ್ಟರಿಗೆ 2 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 4 ಮೀಟರ್. ಮನೆಯ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಬಳಸಿದರೆ 25 ಆಂಪಿಯರಿಗೆ 1 ವೋಲ್ಟಿಗಿಂತ ಹೆಚ್ಚು ತಂತಿಯಲ್ಲೇ ಕರಗುತ್ತದೆ. ತಂತಿ ಬಿಸಿಯಾಗುತ್ತದೆ, ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಇನ್ವರ್ಟರ್ ಕಡಿಮೆ ವೋಲ್ಟೇಜ್ ಎಂದು ಕಿರುಚಿ ನಿಲ್ಲುತ್ತದೆ. 6 ಚದರ ಮಿಲಿಮೀಟರಿನ ತಂತಿಯಲ್ಲಿ ಅದೇ ನಷ್ಟ 0.3 ವೋಲ್ಟಿಗೆ ಇಳಿಯುತ್ತದೆ. ಇನ್ವರ್ಟರನ್ನು ಬ್ಯಾಟರಿಯ ಪಕ್ಕದಲ್ಲೇ ಇಟ್ಟು, 230 ವೋಲ್ಟಿನ ವೈರನ್ನು ಉದ್ದವಾಗಿ ಎಳೆಯಿರಿ. ಧನ ತಂತಿಯಲ್ಲಿ, ಬ್ಯಾಟರಿಯ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿ. ಈ ಇನ್ವರ್ಟರಿಗೆ 40 ಆಂಪಿಯರಿನದು ಸರಿಹೋಗುತ್ತದೆ. ಬ್ಯಾಟರಿಯ ಎರಡು ತುದಿಗಳ ಮೇಲೆ ಒಂದು ಸ್ಪ್ಯಾನರ್ ಬಿದ್ದರೂ ಸಾಕು, ನೂರಾರು ಆಂಪಿಯರ್ ಹರಿದು ಲೋಹ ಕೆಂಪಾಗುತ್ತದೆ. ಟರ್ಮಿನಲ್ಲುಗಳಿಗೆ ಮುಚ್ಚಳವಿರಲಿ, ಕೈಯ ಬಳೆ, ಉಂಗುರ ತೆಗೆದಿಟ್ಟು ಜೋಡಿಸಿ.

ಝೇಂಕಾರ

ಎಲ್ಲ ಸರಿಯಾಗಿ ಜೋಡಿಸಿದ ಮೇಲೂ ಸ್ಪೀಕರಿನಲ್ಲಿ ಸಣ್ಣ ಶಿಳ್ಳೆಯೋ ಗುಂಯ್ ಸದ್ದೋ ಕೇಳಿಸಬಹುದು. ಮೊಬೈಲನ್ನು ಅದೇ ಬ್ಯಾಟರಿಯಿಂದ ಚಾರ್ಜ್ ಮಾಡುತ್ತ, ಅದರಿಂದಲೇ ಮಿಕ್ಸರಿಗೆ ಹಾಡು ಕೊಡುತ್ತಿದ್ದರೆ ಕಾರಣ ಬಹುತೇಕ ಅದೇ: ಚಾರ್ಜಿಂಗ್ ತಂತಿಯ ಮೂಲಕವೂ ಆಡಿಯೊ ತಂತಿಯ ಮೂಲಕವೂ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಒಂದು ಸುತ್ತು ಏರ್ಪಟ್ಟಿರುತ್ತದೆ. ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಮೊಬೈಲನ್ನು ಅದರದೇ ಚಾರ್ಜಿನಲ್ಲಿ ನಡೆಸಿ, ಫ್ಲೈಟ್ ಮೋಡಿನಲ್ಲಿಡಿ. ಕೀಬೋರ್ಡಿನ ಡಿಸಿ ಕನ್ವರ್ಟರಿನಿಂದ ಸದ್ದು ಬರುತ್ತಿದ್ದರೆ ಕೀಬೋರ್ಡಿಗೆ ಬೇರೆ ಪವರ್ ಬ್ಯಾಂಕ್ ಕೊಡುವುದು, ಇಲ್ಲವೇ ಒಳಹೊರಗುಗಳ ಗ್ರೌಂಡ್ ಬೇರೆ ಇರುವ ಐಸೊಲೇಟೆಡ್ ಕನ್ವರ್ಟರ್ ಬಳಸುವುದು ಪರಿಹಾರ. ಕೀಬೋರ್ಡಿನಿಂದ ಮಿಕ್ಸರಿಗೆ ಡಿಐ ಬಾಕ್ಸ್ (ಒಳಗಿನ ಟ್ರಾನ್ಸ್‌ಫಾರ್ಮರ್ ಮೂಲಕ ಸದ್ದಿನ ಸಿಗ್ನಲ್ಲನ್ನು ಮಾತ್ರ ದಾಟಿಸುವ ಸಣ್ಣ ಪೆಟ್ಟಿಗೆ) ಮೂಲಕ ಹೋದರೂ ಈ ಸುತ್ತು ಕಡಿಯುತ್ತದೆ. ಸದ್ದಿನ ಮೂಲ ತಿಳಿಯದಿದ್ದರೆ ಎಲ್ಲವನ್ನೂ ಕಿತ್ತು, ಒಂದೊಂದಾಗಿ ಸೇರಿಸುತ್ತ ಬನ್ನಿ. ಯಾವುದನ್ನು ಸೇರಿಸಿದಾಗ ಸದ್ದು ಬಂತೋ ಅಲ್ಲೇ ಕಾರಣ ಇರುತ್ತದೆ.

ಜನರೇಟರ್ ಮತ್ತು ಸೋಲಾರ್

ಮೂರು ಗಂಟೆಯ ಹಾಡಿಗೆ ಜನರೇಟರ್ ತರುವುದು ನನಗೆ ಒಪ್ಪಿಗೆಯಿಲ್ಲ. ಅದರ ಸದ್ದನ್ನು ಮುಚ್ಚಲೆಂದೇ ಸ್ಪೀಕರನ್ನು ಏರಿಸಬೇಕಾಗುತ್ತದೆ. ಹೆಚ್ಚು ಹೊತ್ತಿನ ಆಟಕ್ಕೆ ಬೇಕೇ ಆದರೆ ಇನ್ವರ್ಟರ್ ಮಾದರಿಯ ಸಣ್ಣ ಜನರೇಟರ್ ತಂದು, ಗಾಳಿ ಆಚೆಗೆ ಬೀಸುವ ದಿಕ್ಕಿನಲ್ಲಿ 20 ಮೀಟರಾದರೂ ದೂರ ಇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಕೋಣೆಯೊಳಗೆ, ಮುಚ್ಚಿದ ಚಪ್ಪರದೊಳಗೆ ಎಂದೂ ಇಡಬಾರದು.

100 ವ್ಯಾಟಿನ ಸೋಲಾರ್ ಪ್ಯಾನೆಲ್ ನಮ್ಮ ಕಡೆಯ ಒಳ್ಳೆಯ ಬಿಸಿಲಿನ ದಿನದಲ್ಲಿ 350ರಿಂದ 400 ವ್ಯಾಟ್-ಅವರ್ ಕೊಡಬಹುದು, ಮಳೆಗಾಲದಲ್ಲಿ ಅದರ ಸಣ್ಣ ಭಾಗ ಮಾತ್ರ. ವಾರಗಟ್ಟಲೆ ಊರೂರು ಸುತ್ತುವ ಜಾಥಾದಲ್ಲಿ ವಾಹನದ ಮೇಲೆ ಪ್ಯಾನೆಲ್ ಕಟ್ಟಿಕೊಂಡರೆ, ಚಾರ್ಜ್ ಕಂಟ್ರೋಲರ್ ಮೂಲಕ ಹಗಲಿನಲ್ಲಿ ತುಂಬಿದ್ದು ಸಂಜೆಯ ಹಾಡಿಗೆ ಆಗುತ್ತದೆ. ಒಂದು ದಿನದ ಕಾರ್ಯಕ್ರಮಕ್ಕೆ ಮನೆಯಲ್ಲೇ ಬ್ಯಾಟರಿ ತುಂಬಿಸಿಕೊಂಡು ಹೋಗುವುದು ಸುಲಭ.

ಅನುಮತಿ ಮತ್ತು ಮರಳಿದ ಮೇಲಿನ ಕೆಲಸ

ಬ್ಯಾಟರಿಯಲ್ಲಿ ನಡೆದರೂ ಧ್ವನಿವರ್ಧಕ ಧ್ವನಿವರ್ಧಕವೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಹಬ್ಬಹರಿದಿನಗಳಲ್ಲಿ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ಒಳಗೆ ಜಾಗ ಆರಿಸಬೇಡಿ. ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟ ಪ್ರತಿಯನ್ನು ಮಿಕ್ಸರಿನ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ.

ಕಾರ್ಯಕ್ರಮದ ವೇಳೆ ಬ್ಯಾಟರಿ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ, ಒಣ ಹಲಗೆಯ ಮೇಲಿರಲಿ. ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ, ಊದುಬತ್ತಿ, ದೀಪ, ಬೀಡಿಗಳು ಅದರ ಹತ್ತಿರ ಬೇಡ. ಮನೆಗೆ ಮರಳಿದ ರಾತ್ರಿಯೇ ಅದನ್ನು ಚಾರ್ಜಿಗೆ ಹಾಕಬೇಕು. ಖಾಲಿಯಾಗಿ ಕುಳಿತ ಲೆಡ್ ಆ್ಯಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. 100 ಆಂಪಿಯರ್-ಅವರಿನದಕ್ಕೆ 10 ಆಂಪಿಯರಿನ ಚಾರ್ಜರ್ ಸಾಕು. ಬಳಸದಿದ್ದರೂ ತಿಂಗಳಿಗೊಮ್ಮೆ ತುಂಬಿಸಿ. ಎಲ್‌ಎಫ್‌ಪಿಗೆ ಅದಕ್ಕೆಂದೇ ಮಾಡಿದ ಚಾರ್ಜರ್ ಬಳಸಿ, ಬಹುಕಾಲ ಇಡುವುದಾದರೆ ಅರ್ಧ ಚಾರ್ಜಿನಲ್ಲಿಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕಾರ್ಯಕ್ರಮದ ಆರಂಭದ ಮತ್ತು ಕೊನೆಯ ವೋಲ್ಟೇಜ್, ಹಾಡಿದ ಗಂಟೆ, ಜನರ ಸಂಖ್ಯೆ ಬರೆದಿಡಿ. ಅಷ್ಟೇ ಹೊತ್ತಿನ ಕಾರ್ಯಕ್ರಮದ ಕೊನೆಯ ವೋಲ್ಟೇಜ್ ಹಿಂದಿನ ವರ್ಷಕ್ಕಿಂತ ಕೆಳಗಿಳಿಯತೊಡಗಿದರೆ, ಬ್ಯಾಟರಿ ಬದಲಿಸಲು ಹಣ ಕೂಡಿಡುವ ಹೊತ್ತು ಬಂದಿದೆ ಎಂದು ಆ ಪುಟಗಳೇ ತಿಳಿಸುತ್ತವೆ.